ತೋಟದ ಮನೆಯಲ್ಲಿ ಪೆಟ್ರೋಲ್: ಎಷ್ಟು ಇಡಬೇಕು, ಎಲ್ಲಿ ಇಡಬೇಕು, ಹೇಗೆ ಇಡಬೇಕು

ಮಲೆನಾಡಿನಲ್ಲಿ, ಕರಾವಳಿಯಲ್ಲಿ ಈಗ ಪೆಟ್ರೋಲ್ ಇಲ್ಲದ ತೋಟದ ಮನೆ ಸಿಗುವುದು ಕಷ್ಟ. ಕಳೆ ಹೊಡೆಯುವ ಮೆಷಿನ್ನು, ಅಡಿಕೆಗೆ ಔಷಧಿ ಹೊಡೆಯುವ ಪಂಪು, ಮರ ಕೊಯ್ಯುವ ಗರಗಸ, ಮಳೆಗಾಲದಲ್ಲಿ ಕರೆಂಟ್ ಹೋದರೆ ಜನರೇಟರ್. ಬಹಳಷ್ಟು ಕಡೆ ಇವೆಲ್ಲ ನಡೆಯುವುದು ಪೆಟ್ರೋಲ್‌ನಲ್ಲೇ. ಬಂಕ್ ನೋಡಿದರೆ ಪೇಟೆಯಲ್ಲಿರುತ್ತದೆ. ಪ್ರತಿ ಸಲ ಹೋಗಿ ಬರಲು ಆಗುವುದಿಲ್ಲ. ಹಾಗಾಗಿ ಒಂದು ಕ್ಯಾನ್ ತಂದಿಟ್ಟುಕೊಳ್ಳುತ್ತೇವೆ. ಅದರಲ್ಲಿ ತಪ್ಪೇನಿಲ್ಲ.

ಆದರೆ ಆ ಕ್ಯಾನ್ ಎಲ್ಲಿರುತ್ತದೆ ಅಂತ ಒಮ್ಮೆ ನೋಡಿ. ಬಚ್ಚಲುಮನೆಯ ಮೂಲೆಯಲ್ಲಿ, ಸೌದೆ ರಾಶಿಯ ಹಿಂದೆ, ಇನ್ವರ್ಟರ್ ಇಟ್ಟ ಮೇಜಿನ ಕೆಳಗೆ, ಇಲ್ಲಾ ಕೊಟ್ಟಿಗೆಯ ಹುಲ್ಲಿನ ಪಕ್ಕ. ಕ್ಯಾನ್ ಕೂಡ ಅಡುಗೆ ಎಣ್ಣೆಯದ್ದೋ, ತಂಪು ಪಾನೀಯದ್ದೋ ಆಗಿರುತ್ತದೆ. ಇಷ್ಟು ವರ್ಷ ಏನೂ ಆಗಿಲ್ಲ ಅನ್ನುವುದೇ ಹೆಚ್ಚಿನವರ ಧೈರ್ಯ. ಆ ಧೈರ್ಯ ಬೇಡ. ಪೆಟ್ರೋಲ್ ಹೇಗೆ ಹೊತ್ತಿಕೊಳ್ಳುತ್ತದೆ ಅಂತ ಗೊತ್ತಾದರೆ, ಎಲ್ಲಿಡಬೇಕು ಅನ್ನುವುದು ತಾನಾಗಿ ಹೊಳೆಯುತ್ತದೆ. ಅದಕ್ಕೇ ಮೊದಲು ಅದನ್ನು ಹೇಳಿ, ಆಮೇಲೆ ಒಂದೊಂದೇ ಹೆಜ್ಜೆಗೆ ಬರುತ್ತೇನೆ.

ಹೊತ್ತಿಕೊಳ್ಳುವುದು ಆವಿ

ಉರಿಯುವುದು ಪೆಟ್ರೋಲ್‌ನ ಆವಿ. ಪೆಟ್ರೋಲ್ ಮೈನಸ್ 40 ಡಿಗ್ರಿ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಸೀಮೆಎಣ್ಣೆ, ಡೀಸೆಲ್ ಹಾಗಲ್ಲ. ಅವು 35 ಡಿಗ್ರಿಗಿಂತ ಜಾಸ್ತಿ ಬಿಸಿಯಾಗಬೇಕು, ಆಗಲೇ ಬೆಂಕಿ ತಾಗಿದರೆ ಹೊತ್ತುವಷ್ಟು ಆವಿ ಬರುವುದು. ನಮ್ಮ ಹಿರಿಯರು ಸೀಮೆಎಣ್ಣೆ ಡಬ್ಬಿಯನ್ನು ಒಲೆ ಹತ್ತಿರವೇ ಇಟ್ಟುಕೊಂಡು ಬದುಕಿದ್ದು ನಿಜ. ಆ ರೂಢಿಯನ್ನು ಪೆಟ್ರೋಲ್‌ಗೆ ತಂದರೆ ಅಪಾಯ. ನಮ್ಮೂರಿನ ಹವೆಯಲ್ಲಿ ಮುಚ್ಚಳ ತೆಗೆದ ಪೆಟ್ರೋಲ್ ಯಾವಾಗಲೂ, ಹಗಲು ರಾತ್ರಿ, ಹೊತ್ತಿಕೊಳ್ಳಲು ತಯಾರಾಗಿಯೇ ಇರುತ್ತದೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಪೆಟ್ರೋಲ್ ಆವಿ ಗಾಳಿಗಿಂತ ಮೂರರಿಂದ ನಾಲ್ಕು ಪಟ್ಟು ಭಾರ. ಅದು ಮೇಲಕ್ಕೆ ಹೋಗುವುದಿಲ್ಲ, ಕೆಳಕ್ಕೆ ಇಳಿದು ನೆಲ ಹಿಡಿದು ಹರಿಯುತ್ತದೆ. ಬೆಳಗಿನ ಓರೆ ಬಿಸಿಲಿನಲ್ಲಿ ಅಂಗಳದಲ್ಲಿ ಮೆಷಿನ್‌ಗೆ ಪೆಟ್ರೋಲ್ ಹಾಕುವಾಗ ನೆಲದ ಮೇಲೆ ಬಿದ್ದ ಕ್ಯಾನಿನ ನೆರಳು ಗಮನಿಸಿ. ಕ್ಯಾನಿನ ಬಾಯಿಯ ನೆರಳಿನಿಂದ ತೆಳ್ಳಗೆ ಏನೋ ಅಲೆಯಲೆಯಾಗಿ ಕೆಳಕ್ಕೆ ಇಳಿಯುವುದು ಕಾಣುತ್ತದೆ. ಕ್ಯಾನ್ ನೋಡಿದರೆ ಏನೂ ಕಾಣುವುದಿಲ್ಲ, ನೆರಳಲ್ಲಿ ಮಾತ್ರ ಕಾಣುತ್ತದೆ. ಅದೇ ಆವಿ. ನೆಲದ ಮೇಲೆ ಒಂದು ಕೊಡ ನೀರು ಸುರಿದರೆ ಎಲ್ಲೆಲ್ಲಿಗೆ ಹರಿಯುತ್ತದೋ, ಗಾಳಿ ಆಡದ ಜಾಗದಲ್ಲಿ ಈ ಆವಿಯೂ ಹೆಚ್ಚುಕಮ್ಮಿ ಅಲ್ಲಿಗೇ ಹೋಗುತ್ತದೆ. ಹೊಸ್ತಿಲು ದಾಟುತ್ತದೆ, ಬಾಗಿಲ ಸಂದಿಯಲ್ಲಿ ನುಗ್ಗುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ದೂರದಲ್ಲಿ ಎಲ್ಲೋ ಬೆಂಕಿ ಸಿಕ್ಕಿದರೆ ಅಲ್ಲಿ ಹೊತ್ತಿಕೊಂಡು, ಬಂದ ದಾರಿಯಲ್ಲೇ ಕ್ಯಾನಿನವರೆಗೆ ವಾಪಸ್ ಬರುತ್ತದೆ.

ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಪೆಟ್ರೋಲ್ ಆವಿ ಸೇರಿದರೆ ಸಾಕು, ಅದು ಹೊತ್ತಿಕೊಳ್ಳುತ್ತದೆ. ಲೆಕ್ಕ ಹಾಕಿದರೆ ಒಂದು ದೊಡ್ಡ ಲೋಟ ಪೆಟ್ರೋಲ್ ಪೂರ್ತಿ ಆವಿಯಾದರೆ ಒಂದು ಸಣ್ಣ ಬಚ್ಚಲುಮನೆ ತುಂಬ ಬೆಂಕಿ ಹಿಡಿಯುವ ಗಾಳಿ ತಯಾರಾಗುತ್ತದೆ. ಹಳೆಯ ಮನೆಗಳ ಬಚ್ಚಲೊಲೆಯ ಬಾಯಿ ಎಲ್ಲಿರುತ್ತದೆ ಹೇಳಿ? ನೆಲಮಟ್ಟದಲ್ಲೇ ಅಲ್ವಾ? ಹಂಡೆಯ ಕೆಳಗೆ ಬೆಳಿಗ್ಗೆ ಹಚ್ಚಿದ ಕೆಂಡ ಮಧ್ಯಾಹ್ನದವರೆಗೂ ಬೂದಿಯೊಳಗೆ ಇರುತ್ತದೆ. ಆವಿ ಹರಿದು ಬರುವುದು ನೆಲದಲ್ಲಿ, ಬೆಂಕಿ ಕಾದು ಕೂತಿರುವುದೂ ನೆಲದಲ್ಲಿ. ಅದಕ್ಕೇ ಬಚ್ಚಲೊಲೆ ಇರುವ ಕಟ್ಟಡದಲ್ಲಿ ಪೆಟ್ರೋಲ್ ಇಡಲೇಬಾರದು. ಮುಂದೆ ಹೇಳುವ ಹೆಚ್ಚಿನ ಮಾತು ಹುಟ್ಟುವುದು ಈ ಒಂದು ಕಾರಣದಿಂದ.

ಹೆಜ್ಜೆ 1: ಎಷ್ಟು ಬೇಕು ಅಂತ ಲೆಕ್ಕ ಹಾಕಿ

ಕಳೆ ಹೊಡೆಯುವ ಮೆಷಿನ್ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್ ಕುಡಿಯುತ್ತದೆ. ಮನೆಗೆ ಬಳಸುವ ಸಣ್ಣ ಜನರೇಟರ್ ಕೂಡ ಗಂಟೆಗೆ ಒಂದು ಲೀಟರ್ ಆಸುಪಾಸು. ಒಂದು ದಿನ ಐದು ಗಂಟೆ ಕಳೆ ಹೊಡೆದರೂ 5 ಲೀಟರ್ ಸಾಕು. ನನ್ನ ಅಭಿಪ್ರಾಯದಲ್ಲಿ ಸಾಮಾನ್ಯ ತೋಟದ ಮನೆಗೆ ಒಂದು 5 ಲೀಟರ್ ಕ್ಯಾನ್, ಆಷಾಢದ ಜಡಿಮಳೆಯಲ್ಲಿ ದಾರಿ ಬಂದ್ ಆಗುವ ಊರಾದರೆ ಅಂಥದ್ದೇ ಇನ್ನೊಂದು. ಬೆಲೆ ಏರುತ್ತದೆ ಅಂತ 20 ಲೀಟರ್ ತಂದಿಡುವುದರಲ್ಲಿ ಉಳಿಯುವ ದುಡ್ಡು ಬಹಳ ಕಮ್ಮಿ, ಹೊರುವ ಅಪಾಯ ಬಹಳ ಜಾಸ್ತಿ. ಒಂದೇ ದೊಡ್ಡ ಕ್ಯಾನಿಗಿಂತ ಎರಡು ಸಣ್ಣ ಕ್ಯಾನ್ ವಾಸಿ. ಎತ್ತಿ ಸುರಿಯುವುದು ಸುಲಭ, ಕೈ ಜಾರಿದರೂ ಚೆಲ್ಲುವುದು ಕಮ್ಮಿ.

ಕಾನೂನು ಏನು ಹೇಳುತ್ತದೆ ಅಂತಲೂ ತಿಳಿದಿರಲಿ. 1934ರ ಪೆಟ್ರೋಲಿಯಂ ಕಾಯ್ದೆಯಲ್ಲಿ ಪೆಟ್ರೋಲ್ ಬರುವುದು ‘ಎ’ ವರ್ಗದಲ್ಲಿ, ಅಂದರೆ 23 ಡಿಗ್ರಿಗಿಂತ ಕೆಳಗೇ ಹೊತ್ತಿಕೊಳ್ಳುವ ಎಣ್ಣೆಗಳ ಗುಂಪಿನಲ್ಲಿ. ಮಾರಾಟಕ್ಕಲ್ಲದೆ ಸ್ವಂತಕ್ಕೆ ಇಟ್ಟುಕೊಳ್ಳುವವರಿಗೆ ಒಟ್ಟು 30 ಲೀಟರ್‌ವರೆಗೆ ಲೈಸೆನ್ಸ್ ಬೇಡ. ಆದರೆ ಅದನ್ನು ಬಿಗಿಯಾಗಿ ಮುಚ್ಚುವ ಗಾಜು, ಪಿಂಗಾಣಿ ಇಲ್ಲವೇ ಲೋಹದ ಪಾತ್ರೆಯಲ್ಲೇ ಇಡಬೇಕು. ಗಾಜು, ಪಿಂಗಾಣಿಯಾದರೆ ಒಂದು ಲೀಟರ್ ಮೀರಬಾರದು, ಲೋಹವಾದರೆ 25 ಲೀಟರ್ ಮೀರಬಾರದು. ವಾಹನ ಅಥವಾ ಒಂದೇ ಕಡೆ ಕೂರಿಸಿದ ಎಂಜಿನ್ ಇರುವವರು ಅದರ ಬಳಕೆಗಾಗಿ 100 ಲೀಟರ್‌ವರೆಗೆ ಇಡಬಹುದು. ಆದರೆ 30 ದಾಟಿದರೆ ಜನ ವಾಸ ಮಾಡುವ ಕೋಣೆಗೆ ಸಂಪರ್ಕವೇ ಇಲ್ಲದ ಬೇರೆ ಕಟ್ಟಡ ಬೇಕು. ಇದು ಕಾನೂನು ಹಾಕಿದ ಮೇಲಿನ ಗೆರೆ. ಅಷ್ಟು ಇಟ್ಟರೆ ಅಪಾಯವಿಲ್ಲ ಅಂತ ಅರ್ಥವಲ್ಲ.

ಬೆಂಗಳೂರು, ಮಂಗಳೂರಿನ ಫ್ಲ್ಯಾಟ್‌ಗಳಲ್ಲಿ ಇರುವವರಿಗೆ ಲೆಕ್ಕ ಇನ್ನೂ ಸುಲಭ. ಒಂದು ಲೀಟರ್ ಕೂಡ ಇಡಬೇಡಿ. ಬಾಲ್ಕನಿಯಲ್ಲೂ ಬೇಡ. ನೆಲಮಾಳಿಗೆಯ ಪಾರ್ಕಿಂಗ್ ಅಂತೂ ಬೇಡವೇ ಬೇಡ. ಕೆಳಕ್ಕೆ ಇಳಿಯುವ ಆವಿಗೆ ಅಲ್ಲಿಂದ ಹೊರಹೋಗಲು ದಾರಿಯೇ ಇರುವುದಿಲ್ಲ.

ಹೆಜ್ಜೆ 2: ಸರಿಯಾದ ಕ್ಯಾನ್ ತನ್ನಿ

ಪೆಟ್ರೋಲ್‌ಗೆಂದೇ ಮಾಡಿದ, ವಾಷರ್ ಇರುವ ಮುಚ್ಚಳದ, 5 ಅಥವಾ 10 ಲೀಟರ್‌ನ ಲೋಹದ ಜೆರ್ರಿಕ್ಯಾನ್ ತೆಗೆದುಕೊಳ್ಳಿ. ಸುರಿಯಲು ಮೂತಿ ಜೊತೆಗೇ ಬರುವಂಥದ್ದು ಒಳ್ಳೆಯದು. ಸ್ವಲ್ಪ ದುಬಾರಿ, ಆದರೆ ಇದರಲ್ಲಿ ಚೌಕಾಸಿ ಬೇಡ.

ನೀರಿನ ಬಾಟಲಿ, ಜ್ಯೂಸ್ ಬಾಟಲಿ ಯಾಕೆ ಬೇಡ ಅಂದರೆ, ಬಾಯಾರಿದ ಮಗು ಅದನ್ನು ಬಾಟಲಿ ಅಂತಲೇ ನೋಡುತ್ತದೆ. ತೋಟದಲ್ಲಿ ಬೆವರಿ ಬಂದ ದೊಡ್ಡವರೂ ಹಾಗೆ ಎತ್ತಿ ಒಂದು ಗುಟುಕು ಕುಡಿದದ್ದುಂಟು. ಅಡುಗೆ ಎಣ್ಣೆಯ ತೆಳು ಕ್ಯಾನ್ ಬಿಸಿಲಿಗೆ ಉಬ್ಬುತ್ತದೆ, ಮುಚ್ಚಳದ ಸಂದಿಯಲ್ಲಿ ಆವಿ ಬಿಡುತ್ತದೆ, ಬಿದ್ದರೆ ಒಡೆಯುತ್ತದೆ. ಇನ್ನೊಂದು ತೊಂದರೆ ಇಲಿಯದ್ದು. ಅಡಿಕೆ, ಭತ್ತ ಇರುವ ಮನೆಯಲ್ಲಿ ಇಲಿ ಇದ್ದೇ ಇರುತ್ತದೆ, ಅದು ಪ್ಲಾಸ್ಟಿಕ್ ಕಡಿಯುತ್ತದೆ. ರಾತ್ರಿ ಕಡಿದ ಕ್ಯಾನ್ ಬೆಳಗಾಗುವಷ್ಟರಲ್ಲಿ ಖಾಲಿಯಾಗಿ, ಪೆಟ್ರೋಲೆಲ್ಲ ನೆಲದ ಮೇಲೆ ಇರುತ್ತದೆ.

ಕ್ಯಾನಿಗೆ ಕೆಂಪು ಬಣ್ಣದಲ್ಲಿ ದಪ್ಪಕ್ಷರದಲ್ಲಿ ‘ಪೆಟ್ರೋಲ್’ ಅಂತ ಬರೆಯಿರಿ. ಪಕ್ಕದಲ್ಲಿ ಬೆಂಕಿಯ ಚಿತ್ರ ಬಿಡಿಸಿ. ತೋಟದ ಕೆಲಸಕ್ಕೆ ಬರುವವರಲ್ಲಿ ಕನ್ನಡ ಓದಲು ಬಾರದವರೂ ಇರುತ್ತಾರೆ, ಚಿತ್ರ ಎಲ್ಲರಿಗೂ ಗೊತ್ತಾಗುತ್ತದೆ. ಆಯಿಲ್ ಬೆರೆಸಿದ ಪೆಟ್ರೋಲ್‌ಗೆ ಬೇರೆಯೇ ಕ್ಯಾನ್ ಇರಲಿ, ಅದರ ಮೇಲೆ ‘ಮಿಕ್ಸ್’ ಅಂತ ಬರೆದು ಕುತ್ತಿಗೆಗೆ ಒಂದು ಹಳದಿ ಪಟ್ಟಿ ಕಟ್ಟಿ. ಮೇಲೊಂದು ಅಂಟುಪಟ್ಟಿ ಹಚ್ಚಿ ತಂದ ತಾರೀಖು ಬರೆಯಿರಿ.

ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಕ್ಯಾನಿನ ತಳ ನೋಡಿ. ನಮ್ಮ ಕಡೆ ಲೋಹಕ್ಕೆ ಬೇಗ ತುಕ್ಕು ಹಿಡಿಯುತ್ತದೆ. ವಾಷರ್ ಬಿರುಕು ಬಿಟ್ಟಿದ್ದರೆ ಬದಲಿಸಿ. ಕ್ಯಾನಿನ ಹತ್ತಿರ ಹೋದಾಗ ಪೆಟ್ರೋಲ್ ವಾಸನೆ ಬಂತು ಅಂದರೆ ಮುಚ್ಚಳ ಸರಿಯಾಗಿ ಕೂತಿಲ್ಲ ಅಂತಲೇ ಅರ್ಥ. ಪೆಟ್ರೋಲ್ ಇದ್ದ ಮೇಲೆ ವಾಸನೆ ಬರುತ್ತದಪ್ಪ ಅಂತ ಸುಮ್ನೆ ಬಿಡಬೇಡಿ.

ಹೆಜ್ಜೆ 3: ಬಂಕ್‌ನಿಂದ ಮನೆಗೆ ತರುವಾಗ

ಈಗ ಬಹಳಷ್ಟು ಬಂಕ್‌ಗಳಲ್ಲಿ ಬಾಟಲಿಗೆ, ಪ್ಲಾಸ್ಟಿಕ್ ಕ್ಯಾನಿಗೆ ಪೆಟ್ರೋಲ್ ಹಾಕುವುದಿಲ್ಲ. ಅವರ ಜೊತೆ ಜಗಳ ಮಾಡಬೇಡಿ, ಅವರು ಮಾಡುತ್ತಿರುವುದು ಸರಿ. ಲೋಹದ ಕ್ಯಾನ್ ಒಯ್ದು, ತೋಟದ ಮೆಷಿನ್‌ಗೆ ಬೇಕು ಅಂತ ಹೇಳಿ ಕೇಳಿ.

ಹಾಕಿಸುವಾಗ ಕ್ಯಾನನ್ನು ಗಾಡಿಯಿಂದ ಇಳಿಸಿ ನೆಲದ ಮೇಲೆ ಇಡಿ. ಸ್ಕೂಟರಿನ ಕಾಲಿಡುವ ಜಾಗದಲ್ಲಿ, ಪಿಕಪ್ಪಿನ ಹಿಂದೆ, ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡೇ ತುಂಬಿಸುವುದು ತಪ್ಪು. ಪೆಟ್ರೋಲ್ ಪೈಪಿನಲ್ಲಿ ಹರಿದು ಬರುವಾಗ ಅದರಲ್ಲಿ ಸ್ಥಾಯಿ ವಿದ್ಯುತ್ ಹುಟ್ಟುತ್ತದೆ. ಕಾರ್ಪೆಟ್ ಅಥವಾ ಪ್ಲಾಸ್ಟಿಕ್ ಹಾಸಿನ ಮೇಲೆ ಕ್ಯಾನ್ ಇದ್ದರೆ ಆ ವಿದ್ಯುತ್ ಭೂಮಿಗೆ ಇಳಿಯದೆ ಕ್ಯಾನಿನಲ್ಲೇ ಉಳಿದು, ನಾಜಲ್ ಹತ್ತಿರ ಬಂದಾಗ ಕಿಡಿಯಾಗಿ ಹಾರಬಹುದು. ನೆಲದ ಮೇಲಿಟ್ಟು, ನಾಜಲ್ ಕ್ಯಾನಿನ ಬಾಯಿಗೆ ತಾಗಿಯೇ ಇರುವಂತೆ ಹಿಡಿದು, ನಿಧಾನಕ್ಕೆ ಹಾಕಲು ಹೇಳಿ.

ಕಂಠದವರೆಗೆ ತುಂಬಿಸಬೇಡಿ. ಪೆಟ್ರೋಲ್ ಪ್ರತಿ 10 ಡಿಗ್ರಿ ಬಿಸಿಗೆ ನೂರಕ್ಕೆ ಒಂದರಷ್ಟು ಹಿಗ್ಗುತ್ತದೆ. ಬೆಳಗಿನ ತಂಪಿನಲ್ಲಿ ತುಂಬಿಸಿ ಮಧ್ಯಾಹ್ನದ ಬಿಸಿಲಿಗೆ ಬಂದರೆ ಒಳಗೆ ಜಾಗ ಇಲ್ಲದೆ ಮುಚ್ಚಳದಲ್ಲಿ ಜಿನುಗುತ್ತದೆ. 5 ಲೀಟರ್ ಕ್ಯಾನಿಗೆ ನಾಲ್ಕೂವರೆ ಲೀಟರ್ ಹಾಕಿಸಿದರೆ ಸಾಕು.

ಪೇಟೆಯ ಎಲ್ಲ ಕೆಲಸ ಮುಗಿದ ಮೇಲೆ ಕೊನೆಗೆ ಬಂಕ್‌ಗೆ ಹೋಗಿ, ಅಲ್ಲಿಂದ ಸೀದಾ ಮನೆಗೆ ಬನ್ನಿ. ಕ್ಯಾನ್ ನೆಟ್ಟಗೆ ನಿಲ್ಲಬೇಕು, ಅಲುಗದಂತೆ ಕಟ್ಟಬೇಕು. ಕಾರಾದರೆ ಡಿಕ್ಕಿಯಲ್ಲಿಟ್ಟು ಕಿಟಕಿ ಇಳಿಸಿಕೊಂಡು ಬನ್ನಿ. ಬೈಕಾದರೆ ಸೈಲೆನ್ಸರ್ ಬದಿಗೆ ಬೇಡ. ಬಂದ ತಕ್ಷಣ ಇಳಿಸಿ. ಊಟ ಮಾಡಿ ಆಮೇಲೆ ಇಳಿಸಿದರಾಯ್ತು ಅಂತ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಆವಿ ತುಂಬಿಕೊಳ್ಳುತ್ತದೆ. ಬಸ್ಸಿನಲ್ಲಿ, ರೈಲಿನಲ್ಲಿ ಪೆಟ್ರೋಲ್ ತರುವ ಯೋಚನೆಯೇ ಬೇಡ. ಜೊತೆಗಿರುವ ಅಷ್ಟೂ ಜನರ ಜೀವದ ಪ್ರಶ್ನೆ ಅದು. ರೈಲಿನಲ್ಲಿ ಒಯ್ದರೆ ಮೂರು ವರ್ಷದವರೆಗೆ ಜೈಲು ಶಿಕ್ಷೆಗೂ ಕಾನೂನಿನಲ್ಲಿ ಅವಕಾಶವಿದೆ.

ಹೆಜ್ಜೆ 4: ಜಾಗ ಹುಡುಕಿ

ಇಲ್ಲಿ ಸ್ವಲ್ಪ ಸಮಯ ಕೊಡಿ. ಮನೆ ಸುತ್ತ ಒಂದು ಸುತ್ತು ಹಾಕಿ, ಬೆಂಕಿ ಅಥವಾ ಕಿಡಿ ಹುಟ್ಟುವ ಜಾಗಗಳನ್ನೆಲ್ಲ ಗುರುತು ಮಾಡಿಕೊಳ್ಳಿ. ಬಚ್ಚಲೊಲೆ, ಅಡುಗೆಮನೆ, ಅಡಿಕೆ ಬೇಯಿಸುವ ಒಲೆ, ಕಸ ಸುಡುವ ಗುಂಡಿ, ದೇವರ ದೀಪ, ತುಳಸಿಕಟ್ಟೆಯ ದೀಪ, ಗ್ಯಾಸ್ ಗೀಸರ್. ಇವು ಕಣ್ಣಿಗೆ ಕಾಣುವ ಬೆಂಕಿ. ಕಾಣದೆ ಇರುವುದೂ ಇವೆ. ಇನ್ವರ್ಟರ್ ಮತ್ತು ಬ್ಯಾಟರಿ, ಫ್ರಿಜ್, ಲೈಟಿನ ಸ್ವಿಚ್ಚು, ಬೋರ್‌ವೆಲ್ ಸ್ಟಾರ್ಟರ್. ಇವುಗಳಲ್ಲಿ ಆನ್ ಆಫ್ ಆಗುವಾಗ ಒಳಗೆ ಕಿಡಿ ಹಾರುತ್ತದೆ.

ಹಾಗಾಗಿ ತೋಟದ ಪಂಪ್‌ಹೌಸ್ ಮನೆಯಿಂದ ದೂರ ಇದೆ, ಅಲ್ಲೇ ಇಡೋಣ ಅಂತ ಅನ್ನಿಸಿದರೂ ಅದು ತಪ್ಪು ಜಾಗ. ಬಾಗಿಲು ಹಾಕಿದ ಸಣ್ಣ ಕೋಣೆ, ಒಳಗೊಂದು ಸ್ಟಾರ್ಟರ್. ಕರೆಂಟ್ ಬಂದ ಕೂಡಲೇ ತಾನೇ ಚಾಲೂ ಆಗುವ ಆಟೋ ಸ್ಟಾರ್ಟರ್ ಆದರೆ ಅಲ್ಲಿ ಯಾರೂ ಇಲ್ಲದಾಗಲೂ ಕಿಡಿ ಹಾರುತ್ತದೆ. ಗ್ಯಾಸ್ ಸಿಲಿಂಡರ್ ಇಡುವ ಜಾಗವೂ ಬೇಡ. ಗೊಬ್ಬರ, ಕೀಟನಾಶಕ ಇಡುವ ಕೋಣೆಯೂ ಬೇಡ.

ಒಳ್ಳೆಯ ಜಾಗ ಅಂದರೆ ಮನೆಗೆ ಅಂಟಿಕೊಳ್ಳದ, ಒಲೆಗಳಿಂದ ಕನಿಷ್ಠ 50 ಅಡಿ ದೂರದ, ನೆರಳಿನ, ಗಾಳಿಯಾಡುವ, ಮಳೆ ಬೀಳದ ಜಾಗ. ಮನೆಗಿಂತ ತಗ್ಗಿನಲ್ಲಿದ್ದರೆ ಇನ್ನೂ ಒಳ್ಳೆಯದು. ಮಲೆನಾಡಿನ ಮನೆಗಳು ಹೆಚ್ಚಾಗಿ ಇಳಿಜಾರಿನಲ್ಲಿರುತ್ತವೆ. ಮನೆಯ ಹಿಂದಿನ ದರೆಯ ಮೇಲೆ ಇಟ್ಟರೆ ಚೆಲ್ಲಿದ ಪೆಟ್ರೋಲೂ ಆವಿಯೂ ಮನೆ ಕಡೆಗೇ ಇಳಿಯುತ್ತದೆ. ಅಂಗಳದ ಕೆಳಗಿನ ಬದಿಯಲ್ಲಿ ಇಟ್ಟರೆ ಅದು ಮನೆ ಬಿಟ್ಟು ದೂರ ಹೋಗುತ್ತದೆ. ಆದರೆ ಬಾವಿ, ಕೆರೆ, ನೀರಿನ ಕಾಲುವೆಯ ಹತ್ತಿರ ಬೇಡ.

ಖರ್ಚಿಲ್ಲದೆ ಒಂದು ಗೂಡು ಕಟ್ಟಿಕೊಳ್ಳಬಹುದು. ನಮ್ಮಲ್ಲಿ ಕೆಂಪು ಕಲ್ಲು, ಹಳೆ ಹಂಚು ಎಲ್ಲರ ಮನೆ ಹಿಂದೆಯೂ ಬಿದ್ದಿರುತ್ತದೆ. ಮೂರು ಕಡೆ ಸೊಂಟದೆತ್ತರ ಕಲ್ಲು ಕಟ್ಟಿ, ಮೇಲೆ ಹಂಚು ಹೊದಿಸಿ. ಮುಂದುಗಡೆ ಜಾಲರಿಯ ಬಾಗಿಲು, ಅದಕ್ಕೊಂದು ಬೀಗ. ಕಲ್ಲು ಕಟ್ಟುವಾಗ ಕೆಳಗಿನ ಸಾಲಿನಲ್ಲಿ ಅಲ್ಲಲ್ಲಿ ಕೈ ಹಿಡಿಯುವಷ್ಟು ಸಂದಿ ಬಿಡುವುದು ಮುಖ್ಯ. ಕಿಟಕಿ ಮೇಲಿಟ್ಟರೆ ಈ ಆವಿಗೆ ಪ್ರಯೋಜನವಿಲ್ಲ, ಅದು ಹೊರಹೋಗುವ ದಾರಿ ನೆಲದ ಹತ್ತಿರವೇ ಇರಬೇಕು. ಒಳಗೆ ಒಂದು ಅಗಲ ಬಾಂಡ್ಲಿಯಲ್ಲಿ ನಾಲ್ಕು ಬೆರಳಷ್ಟು ಮರಳು ಹಾಕಿ ಅದರ ಮೇಲೆ ಕ್ಯಾನ್ ಇಡಿ. ಜಿನುಗಿದರೆ ಮರಳು ಹೀರಿಕೊಳ್ಳುತ್ತದೆ, ಮರಳಿನ ಬಣ್ಣ ನೋಡಿದರೇ ಗೊತ್ತಾಗುತ್ತದೆ. ಗೂಡಿನ ಸುತ್ತ ಹತ್ತು ಅಡಿ ದರಕು, ಅಡಿಕೆ ಸಿಪ್ಪೆ, ಸೋಗೆ ಇರಬಾರದು. ಡಿಸೆಂಬರ್‌ನಿಂದ ಮಳೆ ಬೀಳುವವರೆಗೆ ವಾರಕ್ಕೊಮ್ಮೆ ಗುಡಿಸಿ.

ಇನ್ನೊಂದು ಮಾತು. ಮೆಷಿನ್ನಿನ ಟ್ಯಾಂಕಿನಲ್ಲಿ ಉಳಿದಿರುವುದೂ ಪೆಟ್ರೋಲೇ. ಕ್ಯಾನನ್ನು ದೂರ ಇಟ್ಟು, ಅರ್ಧ ಟ್ಯಾಂಕ್ ತುಂಬಿದ ಗರಗಸವನ್ನು ಬಚ್ಚಲಿನ ಅಟ್ಟದಲ್ಲಿ ಇಟ್ಟರೆ ಏನು ಸಾಧಿಸಿದ ಹಾಗಾಯಿತು? ಮೆಷಿನ್ ಒಳಗಿಡಬೇಕಿದ್ದರೆ ಟ್ಯಾಂಕ್ ಖಾಲಿ ಮಾಡಿ ಇಡಿ.

ಹೆಜ್ಜೆ 5: ಸುರಿಯುವಾಗ, ಬೆರೆಸುವಾಗ

ಇಟ್ಟಲ್ಲಿ ಇರುವ ಕ್ಯಾನಿಗಿಂತ ಮುಚ್ಚಳ ತೆಗೆದ ಕ್ಯಾನಿನಿಂದಲೇ ಅಪಾಯ ಜಾಸ್ತಿ. ಹಾಗಾಗಿ ಸುರಿಯುವ ಕೆಲಸ ಯಾವಾಗಲೂ ಹಗಲಲ್ಲಿ, ಬಯಲಲ್ಲಿ. ಕರೆಂಟ್ ಹೋದ ರಾತ್ರಿ ಮೊಂಬತ್ತಿ ಹಿಡಿದುಕೊಂಡು ಜನರೇಟರ್‌ಗೆ ಪೆಟ್ರೋಲ್ ಹಾಕುವುದು ಸಾವನ್ನು ಕರೆದ ಹಾಗೆ. ಮಳೆಗಾಲದಲ್ಲಿ ಸಂಜೆಯ ಬೆಳಕಿರುವಾಗಲೇ ಟ್ಯಾಂಕ್ ತುಂಬಿಸಿಡಿ. ಅಂದಹಾಗೆ ಜನರೇಟರ್ ಇರಬೇಕಾದ್ದೂ ಮನೆಯ ಹೊರಗೇ, ಕಿಟಕಿಯಿಂದ ದೂರ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಮಲಗಿದವರು ಏಳದೆ ಹೋಗಬಹುದು.

ಕಳೆ ಹೊಡೆಯುತ್ತಾ ಪೆಟ್ರೋಲ್ ಮುಗಿದರೆ ತಕ್ಷಣ ಹಾಕಬೇಡಿ. ಸೈಲೆನ್ಸರ್ ಕೆಂಪಗೆ ಕಾಣದಿದ್ದರೂ ಆವಿಯನ್ನು ಹೊತ್ತಿಸುವಷ್ಟು ಬಿಸಿ ಇರಬಹುದು. ಹತ್ತು ನಿಮಿಷ ಕೂತು ನೀರು ಕುಡಿಯಿರಿ, ಎಲೆ ಅಡಿಕೆ ಹಾಕಿ. ಬೀಡಿ ಮಾತ್ರ ಬೇಡ. ಆಮೇಲೆ ಮೆಷಿನ್ನನ್ನು ಬೆನ್ನಿನಿಂದ ಇಳಿಸಿ, ಹುಲ್ಲಿಲ್ಲದ ನೆಲದಲ್ಲಿಟ್ಟು, ಆಲಿಕೆ ಇಟ್ಟು ಹಾಕಿ. ಹೊತ್ತುಕೊಂಡೇ ಹಿಂದಿನಿಂದ ಇನ್ನೊಬ್ಬರ ಕೈಲಿ ಹಾಕಿಸಿಕೊಳ್ಳುವುದನ್ನು ನಾನು ಎಷ್ಟೋ ತೋಟಗಳಲ್ಲಿ ನೋಡಿದ್ದೇನೆ. ಚೆಲ್ಲಿದರೆ ಅದು ಬೀಳುವುದು ಬೆನ್ನಿನ ಮೇಲೆ ಮತ್ತು ಬಿಸಿ ಸೈಲೆನ್ಸರ್ ಮೇಲೆ, ಎರಡರ ಮೇಲೂ ಒಟ್ಟಿಗೆ. ಹಾಕಿದ ಮೇಲೆ ಟ್ಯಾಂಕ್ ಒರೆಸಿ, ಕ್ಯಾನ್ ಮುಚ್ಚಿ, ಅಲ್ಲಿಂದ ಹತ್ತು ಹೆಜ್ಜೆ ದೂರ ಹೋಗಿ ಸ್ಟಾರ್ಟ್ ಮಾಡಿ.

ಟೂ ಸ್ಟ್ರೋಕ್ ಮೆಷಿನ್‌ಗೆ ಆಯಿಲ್ ಬೆರೆಸುವ ಲೆಕ್ಕ ಮೆಷಿನ್ನಿನ ಪುಸ್ತಕದಲ್ಲಿರುತ್ತದೆ. ಐವತ್ತಕ್ಕೆ ಒಂದು ಅಂದರೆ ಲೀಟರಿಗೆ 20 ಎಂಎಲ್, ಇಪ್ಪತ್ತೈದಕ್ಕೆ ಒಂದು ಅಂದರೆ 40 ಎಂಎಲ್. ಅರ್ಧ ಪೆಟ್ರೋಲ್ ಹಾಕಿ, ಆಯಿಲ್ ಹಾಕಿ, ಕುಲುಕಿ, ಆಮೇಲೆ ಉಳಿದ ಪೆಟ್ರೋಲ್ ಹಾಕಿ. ಎರಡು ಮೂರು ದಿನಕ್ಕೆ ಬೇಕಾದಷ್ಟೇ ಬೆರೆಸಿ.

ಬೈಕಿನ ಟ್ಯಾಂಕಿನಿಂದ ಪೈಪ್ ಹಾಕಿ ಬಾಯಲ್ಲಿ ಎಳೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಒಂದು ಸ್ವಲ್ಪ ಪೆಟ್ರೋಲ್ ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗುತ್ತದೆ, ಜೀವಕ್ಕೇ ಕುತ್ತು ಬರುತ್ತದೆ. ಕೈಯಲ್ಲಿ ಹಿಚುಕಿ ಎಳೆಯುವ ಸಣ್ಣ ಪಂಪ್ ಹಾರ್ಡ್‌ವೇರ್ ಅಂಗಡಿಯಲ್ಲಿ ಕಮ್ಮಿ ಬೆಲೆಗೆ ಸಿಗುತ್ತದೆ.

ಹೆಜ್ಜೆ 6: ಹಳತಾಗಲು ಬಿಡಬೇಡಿ

ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್‌ಗೆ ನೀರಿನ ಮೇಲೆ ಆಸೆ ಜಾಸ್ತಿ. ಮುಚ್ಚಳ ಸಡಿಲ ಇದ್ದರೆ ಮಳೆಗಾಲದ ತೇವವನ್ನೆಲ್ಲ ಎಳೆದುಕೊಳ್ಳುತ್ತದೆ. ನೀರು ಒಂದು ಮಿತಿ ದಾಟಿದರೆ ನೀರೂ ಎಥನಾಲೂ ಸೇರಿ ಪೆಟ್ರೋಲ್‌ನಿಂದ ಬೇರೆಯಾಗಿ ತಳದಲ್ಲಿ ನಿಲ್ಲುತ್ತದೆ. ಆಯಿಲ್ ಉಳಿಯುವುದು ಮೇಲಿನ ಪೆಟ್ರೋಲ್‌ನಲ್ಲಿ, ಮೆಷಿನ್ ಎಳೆಯುವುದು ತಳದಿಂದ. ಆಯಿಲ್ ಇಲ್ಲದೆ ಓಡಿದ ಟೂ ಸ್ಟ್ರೋಕ್ ಎಂಜಿನ್ ಜಾಮ್ ಆಗುತ್ತದೆ.

ಅನುಮಾನ ಬಂದರೆ ಒಂದು ಗಾಜಿನ ಸೀಸೆಗೆ ಸ್ವಲ್ಪ ಸುರಿದು ಬೆಳಕಿಗೆ ಹಿಡಿದು ನೋಡಿ. ತಿಳಿಯಾಗಿದ್ದರೆ ಸರಿ. ಮಂಜು ಮಂಜಾಗಿದ್ದರೆ ಅಥವಾ ನಡುವೆ ಗೆರೆ ಕಂಡರೆ ಮೆಷಿನ್‌ಗೆ ಹಾಕಬೇಡಿ. ಕುಲುಕಿದರೆ ಸರಿಹೋಗುವುದಿಲ್ಲ. ತಂದದ್ದನ್ನು ಒಂದು ತಿಂಗಳಲ್ಲಿ ಮುಗಿಸುವ ಲೆಕ್ಕ ಇಟ್ಟುಕೊಳ್ಳಿ. ಉಳಿದರೆ, ಆಯಿಲ್ ಬೆರೆಸದ್ದಾದರೆ, ತಿಳಿಯಾಗಿರುವಾಗಲೇ ಬೈಕಿಗೋ ಕಾರಿಗೋ ಹೊಸ ಪೆಟ್ರೋಲ್ ಜೊತೆ ಹಾಕಿ ಮುಗಿಸಿ. ಪೂರ್ತಿ ಕೆಟ್ಟದ್ದನ್ನು ಚರಂಡಿಗೆ, ಇಂಗುಗುಂಡಿಗೆ, ಮಣ್ಣಿಗೆ ಸುರಿಯಬೇಡಿ. ಅದು ಬಾವಿಗೆ ಇಳಿಯುತ್ತದೆ. ಮುಚ್ಚಿದ ಕ್ಯಾನಿನಲ್ಲೇ ಪರಿಚಯದ ಗ್ಯಾರೇಜ್‌ಗೆ ಒಯ್ದು, ಹಳೆ ಎಣ್ಣೆಯ ಜೊತೆ ವಿಲೇವಾರಿ ಮಾಡುತ್ತಾರಾ ಅಂತ ಕೇಳಿ.

ಪೆಟ್ರೋಲ್‌ನಿಂದ ಮಾಡಲೇಬಾರದ ಕೆಲಸಗಳು

ಮನೆಯಲ್ಲಿ ಪೆಟ್ರೋಲ್ ಇದೆ ಅಂತಾದರೆ ಅದಕ್ಕೆ ಬೇರೆ ಬೇರೆ ಉಪಯೋಗ ಹೊಳೆಯುತ್ತಾ ಹೋಗುತ್ತದೆ. ಮಳೆಗಾಲದಲ್ಲಿ ಹಸಿ ಸೌದೆ ಹತ್ತುವುದಿಲ್ಲ, ಒಂದು ಚೂರು ಪೆಟ್ರೋಲ್ ಹಾಕೋಣ. ಕಸದ ರಾಶಿಗೆ ಹಾಕೋಣ. ಕಡಜದ ಗೂಡು ಸುಡೋಣ. ಕೈಗೆ ಅಂಟಿದ ಬಣ್ಣ, ಹಲಸಿನ ಮೇಣ ತೆಗೆಯೋಣ. ದಯವಿಟ್ಟು ಯಾವುದೂ ಬೇಡ. ಸೌದೆ ಮೇಲೆ ಪೆಟ್ರೋಲ್ ಸುರಿದು ಕಡ್ಡಿ ಗೀರುವಷ್ಟರಲ್ಲಿ ಆವಿ ನಿಮ್ಮ ಕಾಲ ಸುತ್ತ ಹರಡಿರುತ್ತದೆ. ಬೆಂಕಿ ಸೌದೆಗೆ ಹತ್ತುವ ಮೊದಲು ನಿಮಗೆ ಹತ್ತುತ್ತದೆ. ಕೆಂಡ ಆರಿದೆ ಅಂದುಕೊಂಡು ಕ್ಯಾನಿನಿಂದಲೇ ಸುರಿದರೆ ಜ್ವಾಲೆ ಧಾರೆಯನ್ನೇ ಹಿಡಿದು ಕ್ಯಾನಿಗೆ ಬರುತ್ತದೆ. ಒಲೆ ಹಚ್ಚಲು ಒಣ ತೆಂಗಿನ ಗರಿ, ಕರಟ, ಅಡಿಕೆ ಸಿಪ್ಪೆ ಬೇಸಿಗೆಯಲ್ಲೇ ಕೂಡಿಟ್ಟುಕೊಳ್ಳಿ.

ಸೀಮೆಎಣ್ಣೆ ಇರುವ ಮನೆಯಲ್ಲಿ ಇನ್ನೂ ಎಚ್ಚರ ಬೇಕು. ಎರಡನ್ನೂ ಒಂದೇ ಥರದ ಕ್ಯಾನಿನಲ್ಲಿ ಇಡಬೇಡಿ. ಮನೆಯ ಹಿರಿಯರಿಗೆ, ಒಲೆ ಹಚ್ಚುವವರಿಗೆ, ಕೆಲಸಕ್ಕೆ ಬರುವವರಿಗೆ ಕ್ಯಾನ್ ತೋರಿಸಿ ಬಾಯಿಬಿಟ್ಟು ಹೇಳಿ. ಬೀಗದ ಕೈ ಒಬ್ಬರ ಹತ್ತಿರವೇ ಇರಲಿ.

ಚೆಲ್ಲಿದರೆ, ಬೆಂಕಿ ಹತ್ತಿದರೆ

ಸ್ವಲ್ಪ ಚೆಲ್ಲಿದರೆ ಮೊದಲು ಕ್ಯಾನ್ ಮುಚ್ಚಿ, ಜನರನ್ನು ದೂರ ಕಳಿಸಿ, ಮರಳೋ ಒಣ ಮಣ್ಣೋ ಹಾಕಿ. ಹೀರಿಕೊಂಡ ಮೇಲೆ ಅದನ್ನು ಬಾಚಿ ಬಯಲಲ್ಲಿ, ಬೆಂಕಿ ಇಲ್ಲದ ಕಡೆ ಹರಡಿ ಆರಲು ಬಿಡಿ. ಒರೆಸಿದ ಬಟ್ಟೆಯನ್ನೂ ಹಾಗೇ. ಮನೆಯೊಳಗೆ ಚೆಲ್ಲಿದ್ದರೆ ಲೈಟ್, ಫ್ಯಾನ್ ಸ್ವಿಚ್ ಮುಟ್ಟಬೇಡಿ. ಆನ್ ಮಾಡುವುದೂ ಬೇಡ, ಆಫ್ ಮಾಡುವುದೂ ಬೇಡ. ಬಾಗಿಲು ಕಿಟಕಿ ತೆರೆದು ಹೊರಗೆ ಬನ್ನಿ. ಮೈಮೇಲಿನ ಬಟ್ಟೆಗೆ ಬಿದ್ದಿದ್ದರೆ ಮೊದಲು ಬಟ್ಟೆ ಬದಲಿಸಿ. ಆ ಬಟ್ಟೆಯಲ್ಲೇ ಒಲೆ ಹತ್ತಿರ ಹೋಗಬೇಡಿ.

ಪೆಟ್ರೋಲ್ ಬೆಂಕಿಗೆ ನೀರು ಎರಚಬೇಡಿ. ಪೆಟ್ರೋಲ್ ನೀರಿಗಿಂತ ಹಗುರ, ತೇಲಿಕೊಂಡು ಉರಿಯುತ್ತಲೇ ಹರಡುತ್ತದೆ. ಐಎಸ್‌ಐ ಗುರುತಿರುವ, ಎಬಿಸಿ ಪುಡಿಯ 4 ಅಥವಾ 6 ಕಿಲೋ ಅಗ್ನಿಶಾಮಕ ಒಂದು ಮನೆಯಲ್ಲಿರಲಿ. ಅದನ್ನು ಪೆಟ್ರೋಲ್ ಗೂಡಿನ ಪಕ್ಕ ತೂಗುಹಾಕಬೇಡಿ. ಗೂಡೇ ಉರಿಯುವಾಗ ಅದನ್ನು ತೆಗೆಯುವುದು ಹೇಗೆ? ಗೂಡಿಗೂ ಮನೆಗೂ ನಡುವೆ, ಓಡಿ ಬರುವ ದಾರಿಯಲ್ಲಿ ಇರಲಿ. ಪಕ್ಕದಲ್ಲಿ ಎರಡು ಬಕೆಟ್ ಮರಳು. ಬಳಸುವಾಗ ಪಿನ್ ಎಳೆದು, ಜ್ವಾಲೆಯ ಬುಡಕ್ಕೆ ಗುರಿಯಿಟ್ಟು ಎಡಕ್ಕೆ ಬಲಕ್ಕೆ ಆಡಿಸಿ. ಬೆಂಕಿ ಸಣ್ಣದಿದ್ದಾಗ ಮಾತ್ರ ಇದು. ದೊಡ್ಡದಾದರೆ ಎಲ್ಲರನ್ನೂ ಕರೆದುಕೊಂಡು ದೂರ ಹೋಗಿ 101 ಅಥವಾ 112ಕ್ಕೆ ಫೋನ್ ಮಾಡಿ.

ಕೈಯಲ್ಲಿರುವ ಕ್ಯಾನಿಗೆ ಬೆಂಕಿ ಹತ್ತಿದರೆ ಎಸೆಯಬೇಕು ಅಂತಲೇ ಮೊದಲು ಅನ್ನಿಸುತ್ತದೆ. ಎಸೆದರೆ ಪೆಟ್ರೋಲ್ ಚಿಮ್ಮಿ ನಿಮ್ಮ ಮೇಲೆ, ಪಕ್ಕದವರ ಮೇಲೆ ಬೀಳುತ್ತದೆ. ಅಲ್ಲೇ ಕೆಳಗಿಟ್ಟು ಓಡಿ. ಬಟ್ಟೆಗೆ ಬೆಂಕಿ ಹತ್ತಿದರೆ ಮಾತ್ರ ಓಡಬೇಡಿ, ನೆಲಕ್ಕೆ ಮಲಗಿ ಉರುಳಿ. ಪಕ್ಕದಲ್ಲಿದ್ದವರು ಕಂಬಳಿ ಹೊದಿಸಿ ಅಮುಕಿ, ನೈಲಾನ್ ಹೊದಿಕೆ ಬೇಡ. ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣೀರು ಹರಿಯಬಿಡಿ. ಟೂತ್‌ಪೇಸ್ಟ್, ಶಾಯಿ, ಬೆಣ್ಣೆ ಏನನ್ನೂ ಹಚ್ಚಬೇಡಿ. ಶುಭ್ರ ಬಟ್ಟೆ ಮುಚ್ಚಿ 108ಕ್ಕೆ ಕರೆ ಮಾಡಿ.

ಯಾರಾದರೂ ಪೆಟ್ರೋಲ್ ಕುಡಿದಿದ್ದರೆ ವಾಂತಿ ಮಾಡಿಸಬೇಡಿ. ಉಪ್ಪುನೀರು ಕುಡಿಸುವುದೂ ಬೇಡ. ಕುಡಿದದ್ದಕ್ಕಿಂತ ವಾಂತಿಯಲ್ಲಿ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವುದರಿಂದಲೇ ಅಪಾಯ ಜಾಸ್ತಿ. ಸೀದಾ ಆಸ್ಪತ್ರೆಗೆ ಒಯ್ಯಿರಿ. ಏನು ಕುಡಿದದ್ದು ಅಂತ ಡಾಕ್ಟರಿಗೆ ಹೇಳಿ.

ಖಾಲಿ ಕ್ಯಾನ್

ಪೆಟ್ರೋಲ್ ಮುಗಿದ ಕ್ಯಾನಿನ ಬಗ್ಗೆ ಯಾರೂ ಯೋಚನೆ ಮಾಡುವುದಿಲ್ಲ. ತುಂಬಿದ ಕ್ಯಾನಿನೊಳಗೆ ಗಾಳಿಗೆ ಜಾಗ ಕಮ್ಮಿ. ಖಾಲಿಯಾದದ್ದರಲ್ಲಿ ಗೋಡೆಗೆ ಅಂಟಿದ ನಾಲ್ಕು ಹನಿಯ ಆವಿಯೂ ಗಾಳಿಯೂ ಬೆರೆತು, ಕಿಡಿ ತಾಗಿದರೆ ಸಿಡಿಯುವ ಹದಕ್ಕೆ ಬಂದಿರುತ್ತದೆ. ಹಾಗಾಗಿ ಖಾಲಿ ಕ್ಯಾನನ್ನೂ ಮುಚ್ಚಳ ಬಿಗಿದು ಅದೇ ಗೂಡಿನಲ್ಲಿ ಇಡಿ. ತೂತಾದ ಕ್ಯಾನನ್ನು, ಬೈಕಿನ ಟ್ಯಾಂಕನ್ನು ಮನೆಯಲ್ಲಿ ಬೆಸುಗೆ ಹಾಕಲು ಹೋಗಬೇಡಿ, ವೆಲ್ಡಿಂಗ್ ಅಂಗಡಿಗೆ ಕೊಡುವಾಗ ಇದರಲ್ಲಿ ಪೆಟ್ರೋಲ್ ಇತ್ತು ಅಂತ ಮರೆಯದೆ ಹೇಳಿ. ಕತ್ತರಿಸಿ ಹೂವಿನ ಕುಂಡ ಮಾಡುವುದು, ನೀರು ತುಂಬಲು ಬಳಸುವುದು ಬೇಡ. ಗುಜರಿಗೆ ಹಾಕುವುದಾದರೆ ಮುಚ್ಚಳ ತೆಗೆದು, ಬಯಲಲ್ಲಿ ಕೆಲವು ದಿನ ಬಾಯಿ ಕೆಳಗಾಗಿ ಇಟ್ಟು, ವಾಸನೆ ಪೂರ್ತಿ ಹೋದ ಮೇಲೆ ಕೊಡಿ. ಗುಜರಿಯವರಿಗೂ ಅದು ಪೆಟ್ರೋಲ್ ಕ್ಯಾನ್ ಅಂತ ತಿಳಿಸಿ.